ಪ್ರೀಮಿಯರ್‌ನಿಂದ ಆಫ್ಟರ್ ಎಫೆಕ್ಟ್ಸ್‌ಗೆ, ನಡುವೆ ಫೈಲಿಲ್ಲದೆ

ಕಾವೇರಿ ಹರಿಯುವ ದಾರಿಯನ್ನು ತೋರಿಸುವ ಹತ್ತು ಸೆಕೆಂಡಿನ ನಕಾಶೆ ಅನಿಮೇಷನ್ ಒಂದಿದೆ ಎಂದಿಟ್ಟುಕೊಳ್ಳಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದನ್ನು ಮಾಡಿ, ರೆಂಡರ್‌ಗೆ ಹಾಕಿ, ಬಂದ ಫೈಲನ್ನು ಪ್ರೀಮಿಯರ್ ಪ್ರೊ ಟೈಮ್‌ಲೈನಿನಲ್ಲಿ ಕೂರಿಸಿದ್ದಾಯಿತು. ನಿರ್ದೇಶಕರು ನೋಡಿ, ‘ಊರುಗಳ ಹೆಸರು ಸ್ವಲ್ಪ ದೊಡ್ಡದಾಗಲಿ’ ಅನ್ನುತ್ತಾರೆ. ಮತ್ತೆ ರೆಂಡರ್, ಮತ್ತೆ ಇಂಪೋರ್ಟ್. ಆಮೇಲೆ ಗೆರೆಯ ಬಣ್ಣ, ಅದಾದ ಮೇಲೆ ವೇಗ. ಪ್ರತಿ ಸಲವೂ ಹೊಸ ಫೈಲು. ಪಾರದರ್ಶಕ ಹಿನ್ನೆಲೆಯಿರುವ 1920×1080 ಅಳತೆಯ ಒಂದು ಫ್ರೇಮು ಕಂಪ್ರೆಸ್ ಆಗದಿದ್ದರೆ, 8 ಬಿಟ್‌ನಲ್ಲೇ ಸುಮಾರು 83 ಲಕ್ಷ ಬೈಟ್ ಹಿಡಿಯುತ್ತದೆ. ಸೆಕೆಂಡಿಗೆ 25 ಫ್ರೇಮಿನಂತೆ ಹತ್ತು ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 2 ಜಿಬಿ.

ಈ ಓಡಾಟವನ್ನು ತಪ್ಪಿಸಲೆಂದೇ ಈ ಎರಡೂ ಸಾಫ್ಟ್‌ವೇರ್‌ಗಳನ್ನು ಮಾಡುವ ಅಡೋಬಿ ಸಂಸ್ಥೆ 2006ರಲ್ಲಿ ಪ್ರೊಡಕ್ಷನ್ ಸ್ಟುಡಿಯೋ ಎಂಬ ತನ್ನ ಸಾಫ್ಟ್‌ವೇರ್ ಕಟ್ಟಿನ ಜೊತೆಗೆ ‘ಡೈನಾಮಿಕ್ ಲಿಂಕ್’ ಸೌಲಭ್ಯವನ್ನು ತಂದಿತು. ಇದರಲ್ಲಿ ಪ್ರೀಮಿಯರ್ ಬಳಿ ಚಿತ್ರ ಇರುವುದೇ ಇಲ್ಲ, ವಿಳಾಸ ಮಾತ್ರ ಇರುತ್ತದೆ: ಯಾವ ಆಫ್ಟರ್ ಎಫೆಕ್ಟ್ಸ್ ಪ್ರಾಜೆಕ್ಟ್, ಅದರೊಳಗಿನ ಯಾವ ಕಾಂಪೊಸಿಷನ್, ಅಂದರೆ ಯಾವ ಅನಿಮೇಷನ್ ತುಣುಕು. ಟೈಮ್‌ಲೈನಿನಲ್ಲಿ ಆ ಜಾಗಕ್ಕೆ ಬಂದಾಗ ಪ್ರೀಮಿಯರ್ ಬೇಕಾದ ಫ್ರೇಮನ್ನು ಕೇಳುತ್ತದೆ. ಆಫ್ಟರ್ ಎಫೆಕ್ಟ್ಸ್ ಕಿಟಕಿ ತೆರೆಯದೆ ಹಿಂದೆಯೇ ಕೂತು ಆ ಫ್ರೇಮನ್ನು ಲೆಕ್ಕಹಾಕಿ ಕೊಡುತ್ತದೆ. ಅಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಇಲ್ಲಿಯೂ ಬದಲಾಗುತ್ತದೆ.

ಎಡಿಟ್ ಮಾಡುತ್ತಿರುವ ಶಾಟ್‌ಗೇ ಗ್ರಾಫಿಕ್ಸ್ ಬೇಕಿದ್ದರೆ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀಪ್ಲೇಸ್ ವಿತ್ ಆಫ್ಟರ್ ಎಫೆಕ್ಟ್ಸ್ ಕಾಂಪೊಸಿಷನ್’ ಆರಿಸಬೇಕು. ಕಾಂಪೊಸಿಷನ್ ಮೊದಲೇ ಸಿದ್ಧವಿದ್ದರೆ ಫೈಲ್ ಮೆನುವಿನ ಡೈನಾಮಿಕ್ ಲಿಂಕ್‌ನಿಂದ ಇಂಪೋರ್ಟ್ ಮಾಡಿಕೊಂಡರಾಯಿತು. ಮೊದಲನೆಯ ದಾರಿಯಲ್ಲಿ ಎಚ್ಚರ ಬೇಕು. ಮೂಲ ಕ್ಲಿಪ್ ಟೈಮ್‌ಲೈನಿನಿಂದ ಹೋಗಿಬಿಡುತ್ತದೆ, ಅದನ್ನು ಮರಳಿ ತರಲು ಅನ್‌ಡೂ ಒಂದೇ ಗತಿ. ನಾಳೆ ಪ್ರಾಜೆಕ್ಟ್ ತೆರೆದಾಗ ಆ ಅನ್‌ಡೂ ಕೂಡ ಇರುವುದಿಲ್ಲ. ಹಾಗಾಗಿ ಕ್ಲಿಪ್ಪಿನ ಒಂದು ನಕಲನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು ಡಿಸೇಬಲ್ ಮಾಡಿ, ಆಮೇಲೆ ಮುಂದುವರಿಯಿರಿ. ಕಾಂಪೊಸಿಷನ್ನಿನ ಉದ್ದ ಕತ್ತರಿಸಿದ ಕ್ಲಿಪ್ಪಿನಷ್ಟೇ ಇರುತ್ತದಾದ್ದರಿಂದ, ಕಟ್ ಎಲ್ಲಿ ಎಂಬುದು ತೀರ್ಮಾನವಾಗುವ ಮೊದಲೇ ಕಳಿಸಬೇಡಿ.

ಒಂದೇ ಕಾಂಪೊಸಿಷನ್ ಟೈಮ್‌ಲೈನಿನ ನಾಲ್ಕು ಕಡೆ ಇದ್ದರೆ, ಒಂದು ತಿದ್ದುಪಡಿ ನಾಲ್ಕೂ ಕಡೆ ಕಾಣಿಸುತ್ತದೆ. ಒಂದು ಕಡೆ ಮಾತ್ರ ಬೇರೆ ಬೇಕಿದ್ದರೆ ಆಫ್ಟರ್ ಎಫೆಕ್ಟ್ಸ್‌ನಲ್ಲೇ ಕಾಂಪೊಸಿಷನ್ನಿನ ನಕಲು ಮಾಡಿ, ಅದನ್ನು ಪ್ರತ್ಯೇಕವಾಗಿ ಇಂಪೋರ್ಟ್ ಮಾಡಬೇಕು.

‘ರೆಂಡರ್ ಇಲ್ಲದೆ’ ಅನ್ನುವಾಗ ತಪ್ಪುವುದು ಫೈಲು ಬರೆಯುವ ಕೆಲಸ ಮಾತ್ರ. ಲೆಕ್ಕಾಚಾರ ಹಾಗೇ ಇದೆ, ಪ್ಲೇ ಒತ್ತಿದ ಹೊತ್ತಿಗೆ ವರ್ಗವಾಗಿದೆ ಅಷ್ಟೆ. ಒಂದು ಫ್ರೇಮಿಗೆ ಎರಡು ಸೆಕೆಂಡ್ ತೆಗೆದುಕೊಳ್ಳುವ ಎಫೆಕ್ಟ್, ಲಿಂಕ್ ಮಾಡಿದರೂ ಎರಡು ಸೆಕೆಂಡನ್ನೇ ಕೇಳುತ್ತದೆ. ಹೊಸಬರು ಇದನ್ನು ತಿಳಿಯದೆ ಇಡೀ ಟೈಮ್‌ಲೈನನ್ನು ಲಿಂಕ್‌ಗಳಿಂದ ತುಂಬಿಸುತ್ತಾರೆ, ಆಮೇಲೆ ಕಂಪ್ಯೂಟರ್ ಹಳೆಯದಾಯಿತೆಂದು ದೂರುತ್ತಾರೆ. ಎರಡೂ ಸಾಫ್ಟ್‌ವೇರ್‌ಗಳು ರ್‍ಯಾಮನ್ನು ಹಂಚಿಕೊಳ್ಳುವುದರಿಂದ, ಪ್ರಿಫರೆನ್ಸಸ್‌ನ ಮೆಮೊರಿ ವಿಭಾಗದಲ್ಲಿ ಉಳಿದ ಕೆಲಸಗಳಿಗೆಂದು ಮೀಸಲಿಟ್ಟ ಪ್ರಮಾಣ ಅಗತ್ಯಕ್ಕಿಂತ ಹೆಚ್ಚಿದೆಯೇ ಎಂದು ಒಮ್ಮೆ ನೋಡಿ.

ಇದಕ್ಕೆ ನನಗೆ ಸರಿಯೆನಿಸುವ ಕ್ರಮ ಹೀಗಿದೆ. ತಿದ್ದುಪಡಿ ನಡೆಯುತ್ತಿರುವವರೆಗೆ ಲಿಂಕ್ ಇರಲಿ. ಒಪ್ಪಿಗೆ ಸಿಕ್ಕ ಕೂಡಲೇ ಆ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೆಂಡರ್ ಆಂಡ್ ರೀಪ್ಲೇಸ್’ ಕೊಡಿ. ಪ್ರೀಮಿಯರ್ ಅದನ್ನು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ನಂಥ ಎಡಿಟಿಂಗ್ ಕೋಡೆಕ್‌ನಲ್ಲಿ ಫೈಲಾಗಿ ಬರೆದು, ಅದೇ ಜಾಗದಲ್ಲಿ ಕೂರಿಸುತ್ತದೆ. ಕೊನೆ ಗಳಿಗೆಯಲ್ಲಿ ಬದಲಾವಣೆ ಬಂದರೆ ‘ರಿಸ್ಟೋರ್ ಅನ್‌ರೆಂಡರ್ಡ್’ ಮೂಲಕ ಲಿಂಕ್ ಮರಳುತ್ತದೆ. ಎಕ್ಸ್‌ಪೋರ್ಟ್ ದಿನ ಇದರಿಂದ ಸಿಗುವ ನೆಮ್ಮದಿ ದೊಡ್ಡದು.

ವ್ಯಕ್ತಿಯ ಹೆಸರು, ಹುದ್ದೆ ತೋರಿಸುವ ಪಟ್ಟಿಗಳಂಥ ಸಣ್ಣ ಕೆಲಸಕ್ಕೆ ಲಿಂಕ್ ಬೇಕಾಗಿಯೇ ಇಲ್ಲ. 2017ರಲ್ಲಿ ಬಂದ ಎಸೆನ್ಷಿಯಲ್ ಗ್ರಾಫಿಕ್ಸ್ ಸೌಲಭ್ಯದಿಂದ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ ವಿನ್ಯಾಸವನ್ನು ಮೋಷನ್ ಗ್ರಾಫಿಕ್ಸ್ ಟೆಂಪ್ಲೇಟ್ ಆಗಿ ಉಳಿಸಿ, ಅಕ್ಷರವನ್ನು ಪ್ರೀಮಿಯರ್‌ನಲ್ಲೇ ತಿದ್ದಬಹುದು. ಕನ್ನಡ ಅಕ್ಷರಗಳಿದ್ದರೆ ಇನ್ನೊಂದು ಕೆಲಸವಿದೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಟೆಕ್ಸ್ಟ್ ಎಂಜಿನ್ ಭಾರತೀಯ ಲಿಪಿಗಳಿಗೆ ಹೊಂದುವಂತಿದೆಯೇ ನೋಡಿಕೊಳ್ಳಿ.

ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬೇರೆ ದಾರಿ ಹಿಡಿದಿದೆ. 2018ರ 15ನೇ ಆವೃತ್ತಿಯಿಂದ ಗ್ರಾಫಿಕ್ಸ್ ಮಾಡುವ ಫ್ಯೂಷನ್ ಅದರೊಳಗೇ ಒಂದು ಪುಟವಾಗಿ ಇರುವುದರಿಂದ ಎರಡು ಸಾಫ್ಟ್‌ವೇರ್‌ಗಳನ್ನು ಬೆಸೆಯುವ ಪ್ರಶ್ನೆಯೇ ಬರುವುದಿಲ್ಲ.

ಡೈನಾಮಿಕ್ ಲಿಂಕ್ ಹೆಚ್ಚಾಗಿ ಕೈಕೊಡುವುದು ಪ್ರಾಜೆಕ್ಟ್ ಜಾಗ ಬದಲಿಸಿದಾಗ. ಆಫ್ಟರ್ ಎಫೆಕ್ಟ್ಸ್ ಪ್ರಾಜೆಕ್ಟಿನ ಫೋಲ್ಡರ್ ಬದಲಾದರೆ ಅಥವಾ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಡ್ರೈವಿನ ಅಕ್ಷರ ಬೇರೆಯಿದ್ದರೆ ಕ್ಲಿಪ್ ಆಫ್‌ಲೈನ್ ಆಗುತ್ತದೆ. ಇಬ್ಬರ ಬಳಿಯೂ ಸಾಫ್ಟ್‌ವೇರಿನ ಒಂದೇ ಆವೃತ್ತಿ ಇರಲಿ, ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಳೆಯದು ತೆರೆಯುವುದಿಲ್ಲ. ಪ್ರೀಮಿಯರ್‌ನ ಪ್ರಾಜೆಕ್ಟ್ ಮ್ಯಾನೇಜರ್ ಎಲ್ಲ ಫೈಲುಗಳನ್ನೂ ಒಂದೆಡೆ ಸೇರಿಸುತ್ತದೆ ಎಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. ಲಿಂಕ್ ಆದ ಕಾಂಪೊಸಿಷನ್‌ಗಳನ್ನು ಅದು ನಕಲು ಮಾಡುವುದಿಲ್ಲ, ಆಫ್‌ಲೈನ್ ಕ್ಲಿಪ್ ಆಗಿ ಬಿಟ್ಟುಬಿಡುತ್ತದೆ. ಆಫ್ಟರ್ ಎಫೆಕ್ಟ್ಸ್‌ನ ಫೈಲ್ ಮೆನುವಿನ ಡಿಪೆಂಡೆನ್ಸೀಸ್‌ನಲ್ಲಿರುವ ‘ಕಲೆಕ್ಟ್ ಫೈಲ್ಸ್’ ಅನ್ನು ಬೇರೆಯಾಗಿಯೇ ನಡೆಸಬೇಕು. ಬಳಸಿದ ಫಾಂಟುಗಳನ್ನೂ ಪ್ಲಗಿನ್ ಹೆಸರುಗಳನ್ನೂ ಅದೇ ಫೋಲ್ಡರಿಗೆ ಸೇರಿಸಿಡಿ. ಕೆಲಸ ಮುಗಿಸಿ ಸಂಗ್ರಹಕ್ಕೆ ಸೇರಿಸುವಾಗ ಪ್ರತಿ ಗ್ರಾಫಿಕ್ಸ್‌ಗೂ ಪಾರದರ್ಶಕ ಹಿನ್ನೆಲೆ ಉಳಿಸುವ ಪ್ರೋರೆಸ್ 4444 ಪ್ರತಿಯೊಂದನ್ನು ರೆಂಡರ್ ಮಾಡಿಡಿ. ಐದು ವರ್ಷದ ನಂತರ ಪ್ಲಗಿನ್ ಸಿಗದಿದ್ದರೂ ಆ ಪ್ರತಿ ಟೈಮ್‌ಲೈನಿನಲ್ಲಿ ಓಡುತ್ತದೆ.