ಬರಿದಾದ ಬ್ಯಾಟರಿಗೆ ಗಂಜಿಯೂಟ

ರಾಮನಗರವೆಂದೊಡನೆ ಕನ್ನಡಿಗರ ಕಣ್ಣ ಮುಂದೆ ನಿಲ್ಲುವುದು ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ಹೆಬ್ಬಂಡೆಗಳ ಬೆಟ್ಟಸಾಲು. ಗಂಗೆಯ ಪೂರ್ವ ದಂಡೆಯಲ್ಲಿ, ಕಾಶಿಗೆ ಎದುರಾಗಿ, ಇನ್ನೊಂದು ರಾಮನಗರವಿದೆ. 18ನೆಯ ಶತಮಾನದಲ್ಲಿ ಚುನಾರಿನ ಕಲ್ಲಿನಿಂದ ಕಟ್ಟಲ್ಪಟ್ಟ ಕಾಶೀನರೇಶರ ಕೋಟೆ ಇರುವುದು ಅಲ್ಲಿ. ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆತನದ ಮನೆಯಿರುವುದೂ ಅಲ್ಲಿಯೇ. ಜಂಗಮವಾಡಿ ಮಠದಲ್ಲಿಯೋ ಕರ್ನಾಟಕ ಘಾಟಿನ ಆಸುಪಾಸಿನಲ್ಲಿಯೋ ಇಳಿದುಕೊಂಡ ಕನ್ನಡ ಯಾತ್ರಿಕರು ವಿಶ್ವನಾಥನ ದರ್ಶನವಾದ ಮೇಲೆ ಒಂದು ಸಂಜೆ ಈ ಕೋಟೆಯತ್ತ ಹೊರಡುವುದುಂಟು.

ಈ ಊರಿನ ರಾಮಲೀಲೆ ಜಗತ್ಪ್ರಸಿದ್ಧ. ಅನಂತ ಚತುರ್ದಶಿಯಂದು ಆರಂಭವಾಗಿ ಸುಮಾರು ಒಂದು ತಿಂಗಳು ನಡೆಯುವ ಈ ಉತ್ಸವದಲ್ಲಿ ವಿದ್ಯುದ್ದೀಪವೂ ಇಲ್ಲ, ಧ್ವನಿವರ್ಧಕವೂ ಇಲ್ಲ. ಪಂಜು ಮತ್ತು ಪೆಟ್ರೋಮ್ಯಾಕ್ಸ್ ದೀಪಗಳ ಬೆಳಕಿನಲ್ಲಿಯೇ ರಾಮನು ಕಾಡಿಗೆ ಹೋಗುತ್ತಾನೆ, ರಾವಣನು ಬೀಳುತ್ತಾನೆ. ಆದರೆ ಲೀಲೆ ಮುಗಿಸಿ ರಾತ್ರಿ ಮನೆಗೆ ಮರಳುವ ಭಕ್ತನನ್ನು ಹೊತ್ತೊಯ್ಯಲು ಕಾದಿರುವ ವಾಹನಗಳಲ್ಲಿ ಒಂದು ಇ-ರಿಕ್ಷಾ. ಪ್ರಯಾಣಿಕರ ಆಸನದಡಿಯಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳು ಸಾಲಾಗಿ ಜೋಡಿಸಲ್ಪಟ್ಟು 48 ವೋಲ್ಟ್ ಒದಗಿಸುತ್ತವೆ. 2015ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಿಂದ ಕಾನೂನಿನ ಮಾನ್ಯತೆ ಪಡೆದ ಈ ವಾಹನವು ಉತ್ತರ ಭಾರತದ ಅಸಂಖ್ಯ ಬಡ ಸಂಸಾರಗಳ ಅನ್ನದ ಮೂಲವಾಗಿದೆ. ಆ ಅನ್ನದ ಅಳತೆ ನಿರ್ಧಾರವಾಗುವುದು ಆಸನದಡಿಯ ನಾಲ್ಕು ಪೆಟ್ಟಿಗೆಗಳಲ್ಲಿ.

ಕೊನೆಯ ಬಾಡಿಗೆಯ ಲೆಕ್ಕ

ರಾತ್ರಿ ಹತ್ತು ಗಂಟೆ. ಗಾಡಿಯ ವೇಗ ಇಳಿದಿದೆ, ದೀಪ ಮಂಕಾಗಿದೆ. ಅಷ್ಟರಲ್ಲಿ ಇನ್ನೊಂದು ಬಾಡಿಗೆ ಬರುತ್ತದೆ. ಬೇಡವೆನ್ನಲು ಯಾವ ಚಾಲಕನಿಗೆ ಮನಸ್ಸು ಬಂದೀತು? ಆದರೆ ಈ ಲಾಭವನ್ನು ಖಾತೆಯ ಎರಡೂ ಬದಿಯಲ್ಲಿ ಬರೆದು ನೋಡಬೇಕು. ನಾಲ್ಕು ಬ್ಯಾಟರಿಗಳ ಬೆಲೆ 40,000 ರೂಪಾಯಿ, ಬಾಳಿಕೆ 400 ದಿನವೆಂದು ಇಟ್ಟುಕೊಳ್ಳೋಣ. ಆಗ ದಿನದ ಸವಕಳಿ 100 ರೂಪಾಯಿ. ಪ್ರತಿ ರಾತ್ರಿಯೂ ಬರಿದಾಗುವವರೆಗೆ ಓಡಿಸಿ ಅವು 250 ದಿನಕ್ಕೇ ಸತ್ತರೆ ಸವಕಳಿ 160 ರೂಪಾಯಿಗೆ ಏರುತ್ತದೆ. ಕೊನೆಯ ಬಾಡಿಗೆಯಿಂದ ಬಂದ ಹಣ ಆದಾಯದಂತೆ ಕಂಡರೂ ನಿಜದಲ್ಲಿ ಅದು ಬಂಡವಾಳವನ್ನು ಕಡಿದು ತಿಂದದ್ದು. ವಾಹನದ ಸಾಲದ ಕಂತು ತೀರುವ ಮೊದಲೇ ಹೊಸ ಬ್ಯಾಟರಿಗಾಗಿ ಮತ್ತೊಂದು ಸಾಲ ಎತ್ತಬೇಕಾಗಿ ಬರುವುದು ಹೀಗೆ.

ಒಳಗೆ ನಡೆಯುವುದೇನು?

ಫ್ರಾನ್ಸಿನ ಗಾಸ್ತೊಂ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ರೂಪಿಸಿದ ಸೀಸ-ಆಮ್ಲ ವಿದ್ಯುತ್ಕೋಶದ ತತ್ತ್ವ ಇಂದಿಗೂ ಬದಲಾಗಿಲ್ಲ. ಸೀಸ ಮತ್ತು ಸೀಸದ ಡೈಆಕ್ಸೈಡಿನ ಫಲಕಗಳು ಸಾರಗುಂದಿಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ಹೊರಸೆಳೆದಂತೆ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಈ ಕ್ರಿಯೆ ಹಿಂದುಮುಂದಾಗುತ್ತದೆ. ಹೊಸದಾಗಿ ಕೂಡಿದ ಸಲ್ಫೇಟ್ ಮೃದುವಾದ ನುಣ್ಣನೆಯ ಕಣಗಳ ರೂಪದಲ್ಲಿದ್ದು ಸುಲಭವಾಗಿ ಕರಗುತ್ತದೆ. ಬರಿದಾದ ಬ್ಯಾಟರಿಯನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಅದು ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಇದಕ್ಕೆ ಸಲ್ಫೇಷನ್ ಎಂದು ಹೆಸರು. ಆ ಹರಳುಗಳು ವಿದ್ಯುತ್ತಿಗೆ ಸುಲಭವಾಗಿ ಮಣಿಯುವುದಿಲ್ಲ.

ಇದಲ್ಲದೆ ಇನ್ನೊಂದು ಅಪಾಯವಿದೆ. ನಾಲ್ಕು ಬ್ಯಾಟರಿಗಳಲ್ಲಿ ಒಟ್ಟು 24 ಕೋಶಗಳು ಒಂದೇ ಸಾಲಿನಲ್ಲಿವೆ. ಅವುಗಳಲ್ಲಿ ದುರ್ಬಲವಾದುದು ಎಲ್ಲಕ್ಕಿಂತ ಮೊದಲು ಬರಿದಾಗುತ್ತದೆ. ಆದರೂ ಗಾಡಿ ಓಡುತ್ತಿದ್ದರೆ ಉಳಿದ ಕೋಶಗಳು ಅದರೊಳಗೆ ವಿದ್ಯುತ್ತನ್ನು ನೂಕಿ, ಅದರ ಧ್ರುವಗಳನ್ನೇ ತಿರುವುಮುರುವು ಮಾಡಬಲ್ಲವು. ಅವಿಭಕ್ತ ಕುಟುಂಬದ ಭಾರವೆಲ್ಲ ಅಶಕ್ತನ ಹೆಗಲಿಗೆ ಬಿದ್ದಂತೆ ಅದು.

ಗಂಜಿಯ ಕ್ರಮ

ನಿಟ್ಟುಪವಾಸದಿಂದ ಎದ್ದವನಿಗೆ ಹಿರಿಯರು ಹಬ್ಬದೂಟ ಬಡಿಸುವುದಿಲ್ಲ. ತೆಳುವಾದ ಗಂಜಿಯಿಂದ ಪ್ರಾರಂಭಿಸುತ್ತಾರೆ. ಬರಿದಾದ ಬ್ಯಾಟರಿಗೂ ಇದೇ ಪಥ್ಯ. ಬೇಗ ಮುಗಿಯಲೆಂದು ಹೆಚ್ಚಿನ ಆಂಪಿಯರ್ ಹರಿಸಿದರೆ ಫಲಕಗಳು ಕಾಯುತ್ತವೆ, ನೀರು ಕುದಿದಂತೆ ಗುಳ್ಳೆಯೇಳುತ್ತದೆ, ಆದರೆ ಹರಳುಗಳು ಕರಗುವುದಿಲ್ಲ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಮೊದಲು ಫಲಕಗಳು ಮುಳುಗುವಷ್ಟು ಮಾತ್ರ ಬಟ್ಟಿಯಿಳಿಸಿದ ನೀರನ್ನು ಹಾಕಬೇಕು. ಆಮ್ಲವನ್ನು ಸೇರಿಸಕೂಡದು, ಆಮ್ಲ ಎಲ್ಲಿಗೂ ಹೋಗಿಲ್ಲ, ಸಲ್ಫೇಟಿನ ರೂಪದಲ್ಲಿ ಫಲಕಗಳಲ್ಲಿಯೇ ಅಡಗಿದೆ. ಅನಂತರ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 2ರಿಂದ 5 ಆಂಪಿಯರಿನಷ್ಟು ಅಲ್ಪ ಪ್ರವಾಹವನ್ನು ಒಂದು ದಿನ, ಅಗತ್ಯವಾದರೆ ಎರಡು ಮೂರು ದಿನ ನಿಗಾವಹಿಸಿ ಹರಿಸಬೇಕು. ಮೈ ಮುಟ್ಟಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ತಣಿಯಲು ಬಿಡಬೇಕು. ಪೂರ್ಣ ಚಾರ್ಜ್ ಆದ ಮೇಲಷ್ಟೇ ನೀರನ್ನು ಗುರುತಿನವರೆಗೆ ತುಂಬಬೇಕು. ಹೈಡ್ರೋಮೀಟರಿನಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಮೆಲ್ಲಮೆಲ್ಲನೆ 1.240ರ ಆಚೀಚೆಗೆ ಏರಿದರೆ ರೋಗಿ ಚೇತರಿಸಿಕೊಂಡನೆಂದು ಅರ್ಥ.

ಹಲವು ಸ್ವಯಂಚಾಲಿತ ಚಾರ್ಜರುಗಳು ತೀರ ಕುಸಿದ ಬ್ಯಾಟರಿಯನ್ನು ಗುರುತಿಸದೆ ಸುಮ್ಮನಿರುತ್ತವೆ. ಚಾರ್ಜರ್ ಒಪ್ಪಲಿಲ್ಲವೆಂದು ಬ್ಯಾಟರಿ ಸತ್ತಿದೆಯೆಂದು ತೀರ್ಮಾನಿಸಬೇಕಾಗಿಲ್ಲ. ಪ್ರವಾಹವನ್ನು ಕೈಯಿಂದ ನಿಯಂತ್ರಿಸಬಲ್ಲ ಚಾರ್ಜರ್ ಇರುವ ಅಂಗಡಿಯಲ್ಲಿ ಅದನ್ನು ಎಬ್ಬಿಸಬಹುದು. ಮುಚ್ಚಳವಿಲ್ಲದ ಮೊಹರಾದ ಬ್ಯಾಟರಿಗೆ ನೀರು ಹಾಕಲು ಬಾರದು. ಅದಕ್ಕೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು.

ಎಲ್ಲಿ ಕೈಬಿಡಬೇಕು ಎಂಬುದನ್ನೂ ತಿಳಿದಿರಬೇಕು. ಚಾರ್ಜ್ ಮುಗಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 10.5ರಲ್ಲಿಯೇ ನಿಂತರೆ ಆರು ಕೋಶಗಳಲ್ಲಿ ಒಂದು ಸತ್ತಿರುವ ಸಂಭವ ಹೆಚ್ಚು. ಫಲಕದ ಪುಡಿ ಉದುರಿ ಒಳಗೇ ತಗಲಿಕೊಂಡಿದ್ದರೆ ಯಾವ ಗಂಜಿಯೂ ಫಲಿಸದು. ವಸೂಲಾಗದ ಸಾಲವನ್ನು ವರ್ಷವರ್ಷವೂ ಖಾತೆಯಲ್ಲಿ ಆಸ್ತಿಯೆಂದು ತೋರಿಸುವುದು ಹೇಗೆ ತಪ್ಪೋ, ಇಂತಹ ಬ್ಯಾಟರಿಯನ್ನು ಸಾಲಿನಲ್ಲಿ ಉಳಿಸಿಕೊಳ್ಳುವುದೂ ಹಾಗೆಯೇ ತಪ್ಪು. ಅದು ಜೊತೆಯ ಮೂರನ್ನೂ ಕೆಡಿಸುತ್ತದೆ.

ಮಾಂತ್ರಿಕ ಪುಡಿಗಳು

ಸತ್ತ ಬ್ಯಾಟರಿಯನ್ನು ಬದುಕಿಸುವ ಪುಡಿ, ದ್ರಾವಣಗಳ ಪ್ರಚಾರ ಎಂದೂ ನಿಂತಿಲ್ಲ. ಅಮೆರಿಕದಲ್ಲಿ ಎಡಿ-ಎಕ್ಸ್2 ಎಂಬ ಇಂತಹುದೇ ಒಂದು ಪುಡಿ ದೊಡ್ಡ ರಾಜಕೀಯ ಗಲಭೆಯನ್ನೇ ಎಬ್ಬಿಸಿತು. ಅದರಲ್ಲಿದ್ದುದು ಮುಖ್ಯವಾಗಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟುಗಳು. ಅದರಿಂದ ಪ್ರಯೋಜನವಿಲ್ಲವೆಂದು ರಾಷ್ಟ್ರೀಯ ಮಾನಕ ಸಂಸ್ಥೆ ಹೇಳಿದುದಕ್ಕಾಗಿ 1953ರಲ್ಲಿ ಅದರ ನಿರ್ದೇಶಕ ಅಲೆನ್ ಆಸ್ಟಿನ್ ಅವರ ರಾಜೀನಾಮೆಯನ್ನು ವಾಣಿಜ್ಯ ಮಂತ್ರಿ ಕೇಳಿದರು. ವಿಜ್ಞಾನಿಗಳು ಒಟ್ಟಾಗಿ ಪ್ರತಿಭಟಿಸಿದರು; ಆಸ್ಟಿನ್ ಹುದ್ದೆಯಲ್ಲಿ ಉಳಿದರು; ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯೂ ಪುಡಿಯಲ್ಲಿ ಗುಣವಿಲ್ಲವೆಂದಿತು. ಇಂದು ಯಾರಾದರೂ ಪುಡಿಯ ಪೊಟ್ಟಣ ಹಿಡಿದು ಬಂದಾಗ ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ಇನ್ನು ಮೊಬೈಲು, ಲ್ಯಾಪ್‌ಟಾಪು ಮತ್ತು ಹೊಸ ಬಗೆಯ ವಾಹನಗಳ ಲಿಥಿಯಂ ಬ್ಯಾಟರಿಗಳ ಧರ್ಮವೇ ಬೇರೆ. ತೀರ ಬರಿದಾದ ಲಿಥಿಯಂ ಕೋಶದೊಳಗೆ ತಾಮ್ರ ಕರಗಿ, ಮರಳಿ ಚಾರ್ಜ್ ಮಾಡುವಾಗ ಒಳಗಿನ ಧ್ರುವಗಳನ್ನು ಬೆಸೆದು ಬೆಂಕಿಗೆ ಕಾರಣವಾಗಬಹುದು. ಉಬ್ಬಿದ ಅಥವಾ ಬಹುಕಾಲ ಬರಿದಾಗಿದ್ದ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲಿ ಬದುಕಿಸಹೊರಡುವುದು ಸಾಹಸವಲ್ಲ, ಅವಿವೇಕ.

ದೇಹದ ಆರೋಗ್ಯ

ಬ್ಯಾಟರಿಯ ಆರೋಗ್ಯಕ್ಕಿಂತ ಮನೆಯವರ ಆರೋಗ್ಯ ದೊಡ್ಡದು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೆ ಒಂದು ಕಿಡಿಗೂ ಸಿಡಿಯಬಲ್ಲದು. ಆದುದರಿಂದ ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಿಯೋ ದೇವರ ದೀಪದ ಬಳಿಯೋ ಬ್ಯಾಟರಿಯನ್ನು ಚಾರ್ಜಿಗಿಡಬಾರದು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ ಕಾಲು ಗಂಟೆ ಶುದ್ಧವಾದ ನೀರಿನಿಂದ ಎಡೆಬಿಡದೆ ತೊಳೆದು ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಸೀಸದ ವಿಷವಾದರೋ ಕಣ್ಣಿಗೆ ಕಾಣದು. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಎಳೆಯರ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಪ್ರಪಂಚದ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಆತಂಕಕಾರಿ ಪ್ರಮಾಣದ ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ವರದಿ ಎಚ್ಚರಿಸಿತು. ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಒಡೆದು ಕರಗಿಸುವುದು ಅದಕ್ಕೆ ದೊಡ್ಡ ಕಾರಣವೆಂದೂ ತಿಳಿಸಿತು. ಸತ್ತ ಬ್ಯಾಟರಿಯನ್ನು ತೂಕದ ಆಸೆಗೆ ಗುಜರಿಯವನಿಗೆ ಹಾಕದೆ ಮಾರಿದ ಅಂಗಡಿಗೇ ಹಿಂದಿರುಗಿಸುವುದು ಪ್ರತಿಯೊಬ್ಬರ ಕರ್ತವ್ಯ. ಹೀಗೆ ಮರಳಿದ ಬ್ಯಾಟರಿಗಳ ವಿಲೇವಾರಿಯ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಊರಿಗೆ ಹೊರಡುವ ಮುನ್ನ

ಇದೆಲ್ಲ ರಾಮನಗರದ ಚಾಲಕನಿಗೆ ಮಾತ್ರ ಹೇಳಿದ ಮಾತಲ್ಲ. ಮಹಾನಗರದ ಕನ್ನಡಿಗರ ಮನೆಗಳಲ್ಲಿಯೂ ಇನ್ವರ್ಟರಿನ ಬ್ಯಾಟರಿಯೊಂದು ಮೂಲೆಯಲ್ಲಿ ಕುಳಿತಿರುತ್ತದೆ. ಬೇಸಗೆಯ ರಜೆಯಲ್ಲಿ ಮೇನ್ ಸ್ವಿಚ್ ಆರಿಸಿ, ಇನ್ವರ್ಟರನ್ನು ಮರೆತು, ಇಡೀ ಸಂಸಾರ ಊರಿಗೆ ಹೊರಡುತ್ತದೆ. ಒಂದು ತಿಂಗಳ ಬಳಿಕ ಬಂದು ನೋಡಿದರೆ ಬ್ಯಾಟರಿ ಬರಿದು. ಹೊರಡುವ ಮುನ್ನ ಅದನ್ನು ಪೂರ್ತಿ ಚಾರ್ಜ್ ಮಾಡಿ, ನೀರಿನ ಮಟ್ಟ ನೋಡಿ, ಇನ್ವರ್ಟರನ್ನು ಆರಿಸಿ, ತಿಳಿದವರಿಂದ ಬ್ಯಾಟರಿಯ ತಂತಿಯನ್ನು ಬಿಡಿಸಿಟ್ಟರೆ ಸಾಕು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಬ್ಯಾಟರಿಯ ವಿಷಯದಲ್ಲಿ ಅಕ್ಷರಶಃ ನಿಜ. ಗಂಜಿಯಿಂದ ಬದುಕಿಸುವ ವಿದ್ಯೆ ತಿಳಿದಿರಲಿ. ಆದರೆ ಉಪವಾಸಕ್ಕೆ ಕೆಡವದಿರುವುದೇ ನಿಜವಾದ ಉಳಿತಾಯ. ಅರ್ಧ ಬಳಸಿ, ಅಂದೇ ತುಂಬಿಸಿಡುವವನ ಬಂಡವಾಳ ಬಹುಕಾಲ ಬಾಳುತ್ತದೆ.