ಮರಿಯ ಬೆನ್ನ ಮೇಲಿನ ಗೆರೆ

ಗುಲಾಬಿ, ಹಸಿರು, ನೀಲಿ ಬಣ್ಣ ಬಳಿದ ಕೋಳಿಮರಿಗಳನ್ನು ರಟ್ಟಿನ ಡಬ್ಬದಲ್ಲಿ ತುಂಬಿ ಮಾರುವವರನ್ನು ಬೆಂಗಳೂರಿನ ಹೊರವಲಯದ ಸಂತೆ, ಜಾತ್ರೆಗಳಲ್ಲಿ ನೋಡದ ಮಕ್ಕಳಿಲ್ಲ. ಹಟ ಮಾಡಿ ತಂದ ಮರಿ ಎಷ್ಟೋ ಸಲ ನಾಲ್ಕು ದಿನವೂ ಬಾಳುವುದಿಲ್ಲ. ಬಾಳಿದರೆ ಹುಂಜವಾಗುತ್ತದೆ, ಹೇಂಟೆಯಾಗುವುದು ಅಪರೂಪ. ಏಕೆಂದರೆ ಅವು ಸಾಮಾನ್ಯವಾಗಿ ಲೇಯರ್ ಹ್ಯಾಚರಿಗಳು ಬೇಡವೆಂದು ಹೊರಹಾಕಿದ ಗಂಡುಮರಿಗಳು. ಮೊಟ್ಟೆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್‌ನಂತೆ ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ. ಹಾಗಾಗಿ ಹುಟ್ಟಿದ ದಿನವೇ ಅದನ್ನು ಆರಿಸಿ ತೆಗೆಯುತ್ತಾರೆ.

ಒಂದು ದಿನದ ಮರಿಯನ್ನು ಹೆಣ್ಣೋ ಗಂಡೋ ಎಂದು ಗುರುತಿಸುವುದು ಸುಲಭವಲ್ಲ. 1920ರ ದಶಕದಲ್ಲಿ ಜಪಾನಿನ ಕಿಯೋಶಿ ಮಸುಯಿ ಮತ್ತು ಸಂಗಡಿಗರು ಮರಿಯ ಗುದದ್ವಾರವನ್ನು ಮೆಲ್ಲನೆ ಬಿಡಿಸಿ, ಒಳಗಿನ ಸಣ್ಣ ಉಬ್ಬನ್ನು ನೋಡಿ ಹೇಳುವ ವಿದ್ಯೆ ಕಂಡುಕೊಂಡರು. ಇಂದಿಗೂ ಅದು ನಡೆಯುತ್ತಿದೆ, ಆದರೆ ಕೈ ಪಳಗಬೇಕು, ಕಣ್ಣು ಸೂಕ್ಷ್ಮವಾಗಬೇಕು. ಹಿತ್ತಿಲಲ್ಲಿ ಹತ್ತು ಕೋಳಿ ಸಾಕುವ ಹೆಂಗಸಿಗೆ ಅದರಿಂದ ಪ್ರಯೋಜನವಿಲ್ಲ. ಅವಳಿಗೆ ಬೇಕಾದದ್ದು ನೋಡಿದೊಡನೆ ತಿಳಿಯುವ ಗುರುತು.

ಆ ಗುರುತು ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಪನೆಟ್ ಚೌಕ ನೆನಪಿರಬಹುದು. ಆ ರೆಜಿನಾಲ್ಡ್ ಪನೆಟ್ ಮೊದಲ ಮಹಾಯುದ್ಧದ ಕಾಲದಲ್ಲಿ, ಆಹಾರಕ್ಕೆ ಬರ ಬಂದಿದ್ದಾಗ, ಬೇಡದ ಹುಂಜಗಳಿಗೆ ಕಾಳು ಹಾಕುವುದನ್ನು ತಪ್ಪಿಸಲು ಮರಿಯ ಬಣ್ಣದಿಂದಲೇ ಲಿಂಗ ಗುರುತಿಸಬಹುದೆಂದು ಸೂಚಿಸಿದರು. ಕೋಳಿಯಲ್ಲಿ ಲಿಂಗದ ಲೆಕ್ಕ ಮನುಷ್ಯರದಕ್ಕೆ ತಿರುಗುಮುರುಗು: ಹುಂಜಕ್ಕೆ ಎರಡು ಜೆಡ್ ವರ್ಣತಂತು, ಹೇಂಟೆಗೆ ಒಂದು ಜೆಡ್, ಒಂದು ಡಬ್ಲ್ಯೂ. ಗರಿಯ ಮೇಲೆ ಅಡ್ಡಪಟ್ಟೆ ಮೂಡಿಸುವ ಜೀನ್ ಇರುವುದು ಜೆಡ್ ಮೇಲೆ. ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಹುಂಜವನ್ನು ಕೂಡಿಸಿದರೆ ತಾಯಿಯ ಪಟ್ಟೆ ಗಂಡುಮಕ್ಕಳಿಗೆ ಮಾತ್ರ ಹೋಗುತ್ತದೆ. ಕಪ್ಪು ಮರಿಗಳಲ್ಲಿ ಯಾವುದರ ನೆತ್ತಿಯ ಮೇಲೆ ಬಿಳಿ ಚುಕ್ಕೆಯಿದೆಯೋ ಅದೇ ಗಂಡು.

ಆದರೆ ಈ ಗುರುತು ಒಂದು ತಲೆಮಾರಿಗಷ್ಟೇ. ಆ ಮಕ್ಕಳನ್ನೇ ಮತ್ತೆ ಕೂಡಿಸಿದರೆ ಲೆಕ್ಕ ಕಲಸಿಹೋಗುತ್ತದೆ. ಪ್ರತಿ ಸಲವೂ ಎರಡು ತಳಿ ಬೇರೆಬೇರೆ ಸಾಕಿ ಮರಿ ಮಾಡಿಸಬೇಕು. ದೊಡ್ಡ ಹ್ಯಾಚರಿಗೆ ಅದು ಸಾಧ್ಯ, ಹಳ್ಳಿಯಲ್ಲಿ ಅಸಾಧ್ಯ.

1920ರ ದಶಕದ ಕೊನೆಯಲ್ಲಿ ಪನೆಟ್ ಮತ್ತು ಮೈಕಲ್ ಪೀಸ್, ಬಾರ್ಡ್ ಪ್ಲಿಮತ್ ರಾಕ್ ಕೋಳಿಯ ಪಟ್ಟೆಯನ್ನು ಗೋಲ್ಡನ್ ಕ್ಯಾಂಪೈನ್ ತಳಿಗೆ ತರುವ ಕೆಲಸದಲ್ಲಿದ್ದರು. ಆಗ ಕಂಡದ್ದು ಇದು: ಕಂದು ಮೈಯ ಮರಿಯ ಮೇಲೆ ಪಟ್ಟೆಯ ಜೀನ್ ಒಂದೇ ಪ್ರತಿ ಇದ್ದರೆ ಬೆನ್ನಿನ ಗೆರೆ ಸ್ಪಷ್ಟವಾಗಿಯೇ ಉಳಿಯುತ್ತದೆ, ಎರಡು ಪ್ರತಿ ಇದ್ದರೆ ಬಣ್ಣ ತೊಳೆದುಹೋಗಿ ಮರಿ ಮಾಸಲಾಗುತ್ತದೆ. ಹೇಂಟೆಗೆ ಎಂದಿಗೂ ಒಂದೇ ಪ್ರತಿ, ಶುದ್ಧ ತಳಿಯ ಹುಂಜಕ್ಕೆ ಎಂದಿಗೂ ಎರಡು. ಹೀಗಾಗಿ ತಲೆಮಾರು ಎಷ್ಟು ಕಳೆದರೂ ಗುರುತು ಅಳಿಯದು. ಕ್ಯಾಂಬಾರ್ ಎಂಬ ಆ ತಳಿಯೇ ಹುಟ್ಟಿನಿಂದಲೇ ತನ್ನ ಲಿಂಗ ತಾನೇ ತೋರಿಸುವ ಮೊದಲ ಕೋಳಿ. ಅದರ ಹಿಂದೆಯೇ ಬ್ರೌನ್ ಲೆಗಾರ್ನ್ ಬೆರೆಸಿದ ಲೆಗ್‌ಬಾರ್ ಬಂತು.

ಇಷ್ಟು ದೂರದ ಕಥೆ ಬೆಂಗಳೂರಿಗೆ ಏಕೆ ಬೇಕು? ಇಲ್ಲಿ ತಳಿ ಕಟ್ಟುವವರಿದ್ದಾರೆ. ತುಮಕೂರು ರಸ್ತೆಯಲ್ಲಿ ಪೀಣ್ಯ ದಾಟಿ, ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಚಿಕ್ಕಬಾಣಾವರದ ಮೇಲೆ ಹೋದರೆ ಹೆಸರಘಟ್ಟ. ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಇರುವುದು ಅಲ್ಲಿ, ಹಿತ್ತಿಲ ಸಾಕಣೆಯ ‘ಕಾವೇರಿ’ ಕೋಳಿ ಅಲ್ಲಿಯದು. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಕುಕ್ಕುಟ ವಿಜ್ಞಾನಿಗಳು, ಕೃಷಿ ವಿಶ್ವವಿದ್ಯಾಲಯದಡಿ ಇದ್ದಾಗಲೇ, ‘ಗಿರಿರಾಜ’ ಕಟ್ಟಿದರು. ವರ್ಷಕ್ಕೆ 130ರಿಂದ 150 ಮೊಟ್ಟೆ, ತೂಕವೂ ಚೆನ್ನಾಗಿ. ಹಳ್ಳಿಹಳ್ಳಿಯಲ್ಲಿ ಆ ಹೆಸರು ಕೋಳಿಯ ಜಾತಿಗೇ ನಿಂತುಬಿಟ್ಟಿತು. ಆಮೇಲೆ ಬಂದ ‘ಸ್ವರ್ಣಧಾರ’ ಮೈಯಲ್ಲಿ ಹಗುರ, ಕಾಡುಬೆಕ್ಕು, ನರಿ ಬಂದರೆ ಓಡಿ ತಪ್ಪಿಸಿಕೊಳ್ಳಬಲ್ಲದು, ಮೊಟ್ಟೆ 180–190. ಇವರಿಗೆ ಆಯ್ಕೆಯ ವಿದ್ಯೆ ಹೇಳಿಕೊಡಬೇಕಾಗಿಲ್ಲ.

ಆದರೆ ಈ ಮರಿಗಳು ಕೊಳ್ಳುವವರ ಕೈಗೆ ಬರುವುದು ಹೆಣ್ಣು ಗಂಡು ಬೆರಕೆಯಾಗಿ. ಜಿಗಣಿಯಲ್ಲೋ ಸರ್ಜಾಪುರದಲ್ಲೋ ಹಿತ್ತಿಲು ಇನ್ನೂ ಉಳಿಸಿಕೊಂಡಿರುವ ಮನೆಯವರು ವಾರಗಟ್ಟಲೆ ಮೇವು ಹಾಕಿ, ಜುಟ್ಟು ಕೆಂಪೇರುವುದನ್ನು ಕಾದು, ಮೊಟ್ಟೆಗೆಷ್ಟು, ಮಾಂಸಕ್ಕೆಷ್ಟು ಎಂದು ಲೆಕ್ಕ ಹಾಕಬೇಕು.

ಇಲ್ಲೇ ನನಗೆ ಆಸೆ ಮೂಡುವುದು: ನಾಟಿ ಕೋಳಿಯಲ್ಲೂ ಇಂಥ ಗುರುತಿನ ತಳಿ ಕಟ್ಟಬಹುದಲ್ಲ ಎಂದು. ಪಟ್ಟೆಯ ಜೀನ್ ಚೆನ್ನಾಗಿ ಓದಿಸುವ ಕಂದು ಮೈ, ಅಳಿಲಿನಂಥ ಬೆನ್ನಗೆರೆ ನಮ್ಮ ನಾಟಿ ಮರಿಗಳಲ್ಲಿ ಎಷ್ಟೋ ಕಡೆ ತಾನಾಗಿಯೇ ಇದೆ. ಕಾಡುಕೋಳಿಯಿಂದ ಬಂದ ಬಳುವಳಿ ಅದು. ಪಟ್ಟೆಯ ರಾಕ್ ಹುಂಜಕ್ಕೆ ಇಂಥ ನಾಟಿ ಹೇಂಟೆಯನ್ನು ಕೂಡಿಸಿದರೆ ಮೊದಲ ಮರಿಗಳಿಗೆಲ್ಲ ಪಟ್ಟೆ ಬರುತ್ತದೆ, ಆದರೆ ರಾಕ್ ತಳಿಯ ಕಪ್ಪು ಮೈಯೂ ಬರುತ್ತದೆ. ಅವನ್ನೇ ಒಳಗೊಳಗೆ ಕೂಡಿಸಿದಾಗ ಲೆಕ್ಕದ ಪ್ರಕಾರ ಹೆಣ್ಣುಗಳಲ್ಲಿ ಎಂಟಕ್ಕೊಂದು ಕಂದು ಮೈಯ ಪಟ್ಟೆಯ ಮರಿ, ಗಂಡುಗಳಲ್ಲಿ ಎಂಟಕ್ಕೊಂದು ಎರಡು ಪ್ರತಿಯ ಮಾಸಲು ಮರಿ. ಅವೇ ತಳಿಯ ಬುಡ. ಎಂಟರಲ್ಲಿ ಏಳನ್ನು ಬಿಡಬೇಕಾಗುವುದರಿಂದ ಹತ್ತಾರು ಹೇಂಟೆಗಳಿಂದ ನೂರಾರು ಮರಿ ಮಾಡಿಸಲೇಬೇಕು.

ಕಷ್ಟ ಶುರುವಾಗುವುದು ಆಮೇಲೆ. ಗೆರೆ ಚೆನ್ನಾಗಿದೆಯೆಂದು ನಾಲ್ಕೇ ಹುಂಜ ಇಟ್ಟುಕೊಂಡರೆ ಕೆಲವೇ ತಲೆಮಾರಲ್ಲಿ ಒಳಸಂಬಂಧ ಹೆಚ್ಚಿ, ಮೊಟ್ಟೆ ಮರಿಯಾಗುವುದು ಕುಗ್ಗುತ್ತದೆ, ಮರಿ ಸಣಕಲಾಗುತ್ತದೆ. ಹೀಗಾಗಿ ಗೆರೆ ಮೊದಲ ಜರಡಿಯಷ್ಟೇ. ಪ್ರತಿ ಹೇಂಟೆಯ ರೆಕ್ಕೆಗೆ ನಂಬರಿನ ಬಿಲ್ಲೆ ಹಾಕಿ, ಯಾವುದು ಎಷ್ಟು ಇಟ್ಟಿತು, ಯಾವುದರ ಮರಿ ಉಳಿಯಿತು ಎಂದು ವರ್ಷಾನುಗಟ್ಟಲೆ ಬರೆದಿಡಬೇಕು. ಹುಂಜದ ಮೊಟ್ಟೆಯ ಗುಣ ಅದರ ಮೈಮೇಲೆ ಕಾಣುವುದಿಲ್ಲ, ಅಕ್ಕತಂಗಿಯರ ಮತ್ತು ಹೆಣ್ಣುಮಕ್ಕಳ ಲೆಕ್ಕದಲ್ಲೇ ಅಳೆಯಬೇಕು. ಇಷ್ಟನ್ನು ಒಬ್ಬ ಸಾಕಣೆದಾರ ಮಾಡಲಾರ, ಹೆಸರಘಟ್ಟದಂಥ ಸರ್ಕಾರಿ ಫಾರಂ ಮಾಡಬಲ್ಲದು.

ಗಂಡುಮರಿಯ ಗತಿಯೂ ಇಲ್ಲಿ ಬೇರೆಯಾಗುತ್ತದೆ. ಜರ್ಮನಿ 2022ರ ಜನವರಿ 1ರಿಂದ ಗಂಡುಮರಿಗಳನ್ನು ಕೊಲ್ಲುವುದನ್ನು ಕಾನೂನಿನಿಂದ ನಿಷೇಧಿಸಿತು, ಅಲ್ಲಿನ ಹ್ಯಾಚರಿಗಳು ಮೊಟ್ಟೆಯೊಳಗೇ ಲಿಂಗ ನೋಡುವ ಯಂತ್ರಗಳತ್ತ ಹೊರಳಿದವು. ನಮ್ಮ ಹಿತ್ತಿಲಲ್ಲಿ ನಾಟಿ ಹುಂಜ ಬೇಡದ್ದಲ್ಲ. ಯುಗಾದಿಯ ಮರುದಿನದ ಹೊಸತೊಡಕಿಗೆ ಅದನ್ನು ಹುಡುಕಿಕೊಂಡು ಪೇಟೆಯವರು ಹಳ್ಳಿಗೆ ಬರುತ್ತಾರೆ. ದೀಪಾವಳಿಯ ಹೊತ್ತಿಗೆ ಮೊಟ್ಟೆಯೊಡೆದ ಮಾಸಲು ಮರಿಗಳನ್ನು ಅಂದೇ ಬೇರೆ ಬುಟ್ಟಿಗೆ ಹಾಕಿ, ಬೇರೆ ಮೇವಿಟ್ಟು ಬೆಳೆಸಿದರೆ ಯುಗಾದಿಗೆ ಐದು ತಿಂಗಳ ಹುಂಜಗಳಾಗುತ್ತವೆ. ಗೆರೆಯ ಮರಿಗಳು ಮನೆಯಲ್ಲೇ ಉಳಿದು ಬೇಸಿಗೆಗೆ ಮೊಟ್ಟೆ ಶುರುಮಾಡುತ್ತವೆ.