ಬೆಟ್ಟದ ಮಕ್ಕಳಿಗೆ ಮಾತು ಕೊಟ್ಟ ಗುರು

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕಚೇರಿಯ ಮುಂದೆ ತಾಯಂದಿರು ಬಂದು ನಿಲ್ಲುತ್ತಾರೆ. ಕೈಯಲ್ಲಿ ಶಾಲೆಯ ಶುಲ್ಕದ ಚೀಟಿ, ಪುಸ್ತಕಗಳ ಪಟ್ಟಿ. ಹಿಂದೆ ಸೆರಗು ಹಿಡಿದು ನಿಂತ ಮಗು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಮನೆಯ ಸ್ಥಿತಿಗತಿ ವಿಚಾರಿಸುತ್ತಾರೆ. ಕೂಲಿ ಸಿಗದ ದಿನಗಳು, ಗಂಡನ ಕುಡಿತ, ತೀರದ ಸಾಲ, ಅತ್ತೆಯ ಕಾಯಿಲೆ, ಎಲ್ಲವನ್ನೂ ತಾಯಿಯೇ ಹೇಳುತ್ತಾಳೆ. ಕೊನೆಗೆ ಯಾರೋ ಒಬ್ಬರು ಮಗುವಿನತ್ತ ತಿರುಗಿ, "ಓದಲು ಇಷ್ಟವೇನಪ್ಪಾ?" ಎಂದು ಕೇಳುತ್ತಾರೆ. ಮಗು ತಲೆ ತಗ್ಗಿಸುತ್ತದೆ. "ಇವನು ಸ್ವಲ್ಪ ಮಂದ ಸ್ವಾಮಿ, ಮಾತೇ ಆಡುವುದಿಲ್ಲ" ಎಂದು ತಾಯಿ ಸಂಕೋಚದಿಂದ ನಗುತ್ತಾಳೆ. ಸಹಾಯಧನ ಮಂಜೂರಾಗುತ್ತದೆ. ಮಗುವಿನ ಮೌನ ಮಾತ್ರ ಹಾಗೆಯೇ ಉಳಿಯುತ್ತದೆ.

ಮಾತನಾಡದ ಮಗುವಿಗೆ ಬುದ್ಧಿಯೂ ಇಲ್ಲವೆಂದು ತಿಳಿಯುವುದು ಸುಲಭ. ಹಾಗೆ ತಿಳಿಯಲು ಒಪ್ಪದೆ, ಆ ಮೌನವನ್ನು ನೀಗಿಸುವುದಕ್ಕೆಂದೇ ತಮ್ಮ ಬಾಳನ್ನು ಸವೆಸಿದ ಕಥೋಲಿಕ ಗುರುವೊಬ್ಬರು ಇಟಲಿಯಲ್ಲಿದ್ದರು. ಅವರ ಹೆಸರು ಲೊರೆಂಜೊ ಮಿಲಾನಿ. ಅವರು ಗತಿಸಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಆದರೂ ಬಡ ಮಕ್ಕಳ ವಿದ್ಯೆಯ ಬಗ್ಗೆ ಚಿಂತಿಸುವ ನಮ್ಮ ಕುಟುಂಬಗಳು ಅವರ ಶಾಲೆಯ ಕಥೆಯನ್ನು ಇಂದಿಗೂ ತಿಳಿದಿರಬೇಕು.

ಸಿರಿವಂತರ ಮನೆಯಿಂದ ಬಡವರ ಬಳಿಗೆ

ಮಿಲಾನಿಯವರು 1923ರ ಮೇ 27ರಂದು ಫ್ಲಾರೆನ್ಸ್ ನಗರದ ಸಿರಿವಂತ, ಸುಶಿಕ್ಷಿತ ಮನೆತನವೊಂದರಲ್ಲಿ ಜನಿಸಿದರು. ತಾಯಿ ಯೆಹೂದ್ಯ ಕುಲದವರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ, ಆದರೆ ಧರ್ಮಶ್ರದ್ಧೆಗೆ ಅಲ್ಲಿ ಸ್ಥಾನವಿರಲಿಲ್ಲ. ಯೌವನದಲ್ಲಿ ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಇಪ್ಪತ್ತರ ಹರೆಯದಲ್ಲಿ, ಮಹಾಯುದ್ಧದ ನಡುವೆ, ಅವರ ಬಾಳಿನ ದಿಕ್ಕೇ ಬದಲಾಯಿತು. 1943ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಓಗೊಟ್ಟು ಅದೇ ವರ್ಷ ಗುರುಮಠ ಸೇರಿದರು. 1947ರ ಜುಲೈ 13ರಂದು ಅವರಿಗೆ ಗುರುದೀಕ್ಷೆಯಾಯಿತು.

ಕಲೆನ್ಸಾನೊ ಪಟ್ಟಣದ ಸಾನ್ ದೊನಾತೊ ಎಂಬ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಹೋದ ಅವರಿಗೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಅಲ್ಲಿನ ರೈತರು ಮತ್ತು ಕಾರ್ಖಾನೆಯ ಕೆಲಸಗಾರರು ಬಲಿಪೂಜೆಗೆ ಬರುತ್ತಿದ್ದರು, ಪ್ರಬೋಧನೆಯನ್ನು ಕೇಳುತ್ತಿದ್ದರು. ಆದರೆ ಕೇಳಿದ್ದು ಅವರಿಗೆ ಅರ್ಥವಾಗುತ್ತಿರಲಿಲ್ಲ. ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳುವ ಶಕ್ತಿಯೂ ಅವರಿಗಿರಲಿಲ್ಲ. ಅವರಿಗೆ ಬುದ್ಧಿಯ ಕೊರತೆಯಿಲ್ಲ, ಇರುವುದು ಭಾಷೆಯ ಕೊರತೆ ಎಂದು ಮಿಲಾನಿಯವರು ಮನಗಂಡರು. ದುಡಿದು ದಣಿದು ಬಂದ ಯುವಕರಿಗಾಗಿ ರಾತ್ರಿ ಶಾಲೆಯೊಂದನ್ನು ತೆರೆದರು. ಈ ಅನುಭವಗಳನ್ನು ಕುರಿತು ಅವರು ಬರೆದ ಗ್ರಂಥ 1958ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ರೋಮಿನ ಆದೇಶದಂತೆ ಅದನ್ನು ಮಾರಾಟದಿಂದ ಹಿಂತೆಗೆದುಕೊಳ್ಳಲಾಯಿತು. ಮಿಲಾನಿಯವರಿಗೆ ನೋವಾಯಿತು. ಆದರೂ ಅವರು ಧರ್ಮಸಭೆಯನ್ನು ಬಿಡಲಿಲ್ಲ, ಬಡವರ ಶಾಲೆಯನ್ನೂ ಬಿಡಲಿಲ್ಲ.

ದಾರಿಯಿಲ್ಲದ ಊರು

ಆ ವೇಳೆಗಾಗಲೇ ಅವರು ದೂರದ ಬೆಟ್ಟವೊಂದರ ಮೇಲಿದ್ದರು. 1954ರ ಡಿಸೆಂಬರಿನಲ್ಲಿ ಅವರನ್ನು ಬಾರ್ಬಿಯಾನ ಎಂಬ ಕುಗ್ರಾಮಕ್ಕೆ ಕಳುಹಿಸಲಾಗಿತ್ತು. ಫ್ಲಾರೆನ್ಸಿನ ಈಶಾನ್ಯಕ್ಕೆ, ಜೋವಿ ಬೆಟ್ಟದ ಇಳಿಜಾರಿನಲ್ಲಿ ಒಂದು ಇಗರ್ಜಿ, ಅದರ ಪಕ್ಕದಲ್ಲಿ ಗುರುನಿವಾಸ, ಕಾಡಿನ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಸರಿಯಾದ ರಸ್ತೆಯಿಲ್ಲ, ವಿದ್ಯುತ್ತಿಲ್ಲ, ನಲ್ಲಿ ನೀರಿಲ್ಲ. ಸುತ್ತಲಿನ ಮನೆಗಳನ್ನೆಲ್ಲ ಕೂಡಿಸಿದರೂ ನೂರು ಚಿಲ್ಲರೆ ಜನ. ಇದೊಂದು ಬಗೆಯ ಶಿಕ್ಷೆಯೆಂದೇ ಹಲವರು ತಿಳಿದರು. ಅಲ್ಲಿಗೆ ಹೋದ ಮರುದಿನವೇ ಮಿಲಾನಿಯವರು ಬೆಟ್ಟದಿಂದಿಳಿದು ವಿಕ್ಕಿಯೊ ಪಟ್ಟಣದ ಪುರಸಭೆಗೆ ಹೋಗಿ, ಬಾರ್ಬಿಯಾನದ ಪುಟ್ಟ ಸ್ಮಶಾನದಲ್ಲಿ ತಮಗೊಂದು ಸಮಾಧಿಯ ಜಾಗವನ್ನು ಕೊಂಡರು. ಆಗ ಅವರಿಗೆ 31 ವರ್ಷ. ಈ ಜನರನ್ನು ಬಿಟ್ಟು ಹೋಗುವವನಲ್ಲವೆಂದು ಅವರು ಹೇಳಿದ ಬಗೆ ಇದು.

ವಿಕ್ಕಿಯೊ ಪ್ರದೇಶ ಕಲಾಪ್ರಿಯರಿಗೆ ಪರಿಚಿತ. ದೇವದೂತರನ್ನು ಚಿತ್ರಿಸಿ ಹೆಸರಾದ, 1982ರಲ್ಲಿ ಧನ್ಯರೆಂದು ಗೌರವಿಸಲ್ಪಟ್ಟ ಫ್ರಾ ಆಂಜೆಲಿಕೊ ಅಲ್ಲಿಯವರು. ಮಹಾಚಿತ್ರಕಾರ ಜೊತ್ತೊ ಸಹ ಅಲ್ಲಿಯೇ ಹುಟ್ಟಿದನೆಂದು ಪರಂಪರೆ ಹೇಳುತ್ತದೆ. ಕುರಿ ಕಾಯುತ್ತಿದ್ದ ಬಾಲಕ ಜೊತ್ತೊ ಬಂಡೆಯ ಮೇಲೆ ಕುರಿಯ ಚಿತ್ರ ಬಿಡಿಸುತ್ತಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ಚಿಮಬುಯೆ ಎಂಬ ಕಲಾವಿದ ಅದನ್ನು ಕಂಡು ಬೆರಗಾಗಿ ಅವನನ್ನು ಶಿಷ್ಯನಾಗಿ ಕರೆದೊಯ್ದನಂತೆ. ಸುಂದರವಾದ ಕಥೆ. ಆದರೆ ಚಿಮಬುಯೆ ಆ ದಾರಿಯಲ್ಲಿ ಬಾರದೆ ಹೋಗಿದ್ದರೆ? ಆರುನೂರು ವರ್ಷಗಳಾಚೆ, ಅದೇ ಸೀಮೆಯ ಬೆಟ್ಟದಲ್ಲಿ, ಕುರಿ ಕಾಯುವ ಮಕ್ಕಳು ಇನ್ನೂ ಇದ್ದರು. ಅವರತ್ತ ನೋಡುವವರು ಯಾರೂ ಆ ದಾರಿಯಲ್ಲಿ ಬರುತ್ತಿರಲಿಲ್ಲ.

ಹನ್ನೆರಡು ಗಂಟೆಯ ಶಾಲೆ

ಬಾರ್ಬಿಯಾನದ ಮನೆಗಳ ಬವಣೆ ನಮಗೆ ಅಪರಿಚಿತವಲ್ಲ. ಧಣಿಯ ಭೂಮಿಯನ್ನು ಪಾಲಿಗೆ ಉಳುವ ಒಕ್ಕಲುಗಳು. ಬೆಳೆದುದರಲ್ಲಿ ಒಂದು ಪಾಲು ಧಣಿಯ ಮನೆಗೆ. ಮಗ ಹತ್ತು ವರ್ಷದವನಾದರೆ ಅವನು ಮನೆಗೆ ಎರಡು ಕೈ: ಕುರಿ ಮೇಯಿಸಬೇಕು, ಸೌದೆ ಕಡಿಯಬೇಕು. ಪ್ರಾಥಮಿಕ ಶಾಲೆಯ ನಂತರ ಓದಬೇಕಾದರೆ ಬೆಟ್ಟವಿಳಿದು ಪಟ್ಟಣಕ್ಕೆ ಹೋಗಬೇಕು. ಹೋದವನು ಅಲ್ಲಿ ಪಟ್ಟಣದ ಮಕ್ಕಳ ನಡುವೆ ಬಾಯಿ ತೆರೆಯಲಾರದೆ ಅನುತ್ತೀರ್ಣನಾಗಿ ಮರಳುತ್ತಿದ್ದನು. ಶಾಲೆಯೇ ಅವನನ್ನು ದಡ್ಡನೆಂದ ಮೇಲೆ ತಂದೆತಾಯಿಗಳೂ ಅದನ್ನೇ ನಂಬುತ್ತಿದ್ದರು.

ಮಿಲಾನಿಯವರು ತಮ್ಮ ನಿವಾಸದ ಕೋಣೆಯನ್ನೇ ಶಾಲೆಯಾಗಿ ಮಾಡಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ, ವರ್ಷದ ಎಲ್ಲ ದಿನಗಳಲ್ಲೂ ಪಾಠ. ಭಾನುವಾರವೂ ಬಿಡುವಿಲ್ಲ. ನಮ್ಮ ಮಕ್ಕಳು ಕೇಳಿದರೆ ಬೆಚ್ಚಿಬಿದ್ದಾರು. ಆದರೆ ಕೊಟ್ಟಿಗೆಯ ಸಗಣಿ ಬಾಚುವುದಕ್ಕಿಂತ ಶಾಲೆ ಎಷ್ಟೋ ಮೇಲೆಂದು ಆ ಮಕ್ಕಳಿಗೆ ಗೊತ್ತಿತ್ತು. ಅಲ್ಲಿ ಅನುತ್ತೀರ್ಣರಾಗುವ ಪ್ರಶ್ನೆಯಿರಲಿಲ್ಲ. ಹಿಂದುಳಿದವನಿಗೆ ಅರ್ಥವಾಗುವ ತನಕ ಉಳಿದವರು ಕಾಯಬೇಕು. ದೊಡ್ಡವರು ಚಿಕ್ಕವರಿಗೆ ಪಾಠ ಹೇಳಬೇಕು. ದಿನವೂ ವೃತ್ತಪತ್ರಿಕೆಯನ್ನು ಓದಿ ಗೊತ್ತಿಲ್ಲದ ಪದವೊಂದನ್ನೂ ಬಿಡದೆ ಚರ್ಚಿಸುತ್ತಿದ್ದರು. ಶಾಲೆಯನ್ನು ನೋಡಲು ಬಂದ ಅತಿಥಿಗಳು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲೇಬೇಕಾಗಿತ್ತು.

ಕೈಕೆಲಸವೂ ಅಲ್ಲಿನ ಪಾಠವೇ. ಮೇಜುಗಳನ್ನು ಮಕ್ಕಳೇ ಮಾಡಿದರು. ಒಂದು ಕಾಲದಲ್ಲಿ ಕುಂಚ ಹಿಡಿದಿದ್ದ ಗುರುಗಳ ಮಾರ್ಗದರ್ಶನದಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿ ಇಗರ್ಜಿಗಾಗಿ ಒಂದು ಚಿತ್ರವನ್ನು ರಚಿಸಿದರು. ಅದರಲ್ಲಿರುವುದು ಪುಸ್ತಕ ಓದುವುದರಲ್ಲಿ ತನ್ಮಯನಾದ ಒಬ್ಬ ಬಾಲಸಂತ. ಅದಕ್ಕೆ "ಸಂತ ವಿದ್ಯಾರ್ಥಿ" ಎಂದು ಹೆಸರು. ಕುರಿ ಕಾಯುವವರ ಮಕ್ಕಳು ತಮ್ಮದೇ ರೂಪವನ್ನು ದೇವಾಲಯದಲ್ಲಿ ಕಂಡುಕೊಂಡರು. ಶಾಲೆಯ ಗೋಡೆಯ ಮೇಲೆ "ಐ ಕೇರ್" ಎಂಬ ಎರಡು ಇಂಗ್ಲಿಷ್ ಪದಗಳಿದ್ದವು. ನನಗೇನಂತೆ ಎಂದು ಕೈ ಕೊಡವಿಕೊಳ್ಳುವ ಮನೋಭಾವಕ್ಕೆ ಇದು ತದ್ವಿರುದ್ಧವೆಂದು ಮಿಲಾನಿಯವರು ವಿವರಿಸುತ್ತಿದ್ದರು.

ಚೀಟಿಗಳಿಂದ ಹುಟ್ಟಿದ ಪತ್ರ

1963ರಲ್ಲಿ ಮಾರಿಯೊ ಲೋದಿ ಎಂಬ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಬಾರ್ಬಿಯಾನಕ್ಕೆ ಬಂದರು. ಅವರ ಶಾಲೆಯ ಮಕ್ಕಳಿಗೂ ಬೆಟ್ಟದ ಮಕ್ಕಳಿಗೂ ಪತ್ರವ್ಯವಹಾರ ಆರಂಭವಾಯಿತು. ಆ ಪತ್ರಗಳನ್ನು ಬರೆಯುವಾಗ ಎಲ್ಲರೂ ಕೂಡಿ ಬರೆಯುವ ಒಂದು ಕ್ರಮ ರೂಪುಗೊಂಡಿತು. ಪ್ರತಿಯೊಬ್ಬ ಬಾಲಕನೂ ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಟ್ಟುಕೊಂಡಿದ್ದು, ಹೊಳೆದ ವಿಚಾರವನ್ನು ಆಗಲೇ ಗುರುತು ಮಾಡಿಕೊಳ್ಳಬೇಕು. ಒಂದು ಚೀಟಿಗೆ ಒಂದೇ ವಿಚಾರ. ಬಳಿಕ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಒಂದೇ ವಿಚಾರವಿದ್ದವನ್ನು ತೆಗೆದುಹಾಕಿ, ಉಳಿದವನ್ನು ಕಂತೆ ಕಂತೆಯಾಗಿ ವಿಂಗಡಿಸಬೇಕು. ಕಂತೆಗಳು ಅಧ್ಯಾಯಗಳಾಗುತ್ತವೆ. ಆಮೇಲೆ ಬೇಡದ ಪದಗಳನ್ನೆಲ್ಲ ಕಡಿಯುವ ಕೆಲಸ. ಕೊನೆಗೆ ಹೊರಗಿನವರನ್ನು, ಅದರಲ್ಲೂ ಹೆಚ್ಚು ಓದದವರನ್ನು ಕರೆದು ಗಟ್ಟಿಯಾಗಿ ಓದಿಸಿ, ಅವರಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ತಿದ್ದಬೇಕು.

ಈ ಕ್ರಮದ ಹಿರಿಮೆಯನ್ನು ಗಮನಿಸಬೇಕು. ಇಡೀ ಪ್ರಬಂಧವನ್ನು ಬರೆಯಲಾರದ ಹುಡುಗನೂ ಒಂದು ಚೀಟಿಯನ್ನು ಬರೆಯಬಲ್ಲ. ಮನೆಯಲ್ಲಿ ಕಂಡ ಕಷ್ಟ, ತಂದೆ ಪಟ್ಟ ಅವಮಾನ, ಶಾಲೆಯಲ್ಲಿ ತಾನು ನುಂಗಿದ ಕಣ್ಣೀರು, ಎಲ್ಲವೂ ಮೇಜಿನ ಮೇಲೆ ಬರುತ್ತಿದ್ದವು. ನಾಚಿಕೆಯೆಂದು ಮುಚ್ಚಿಟ್ಟದ್ದು ತನ್ನೊಬ್ಬನ ಕಥೆಯಲ್ಲ, ಎಲ್ಲರ ಕಥೆಯೆಂದು ಆ ಹುಡುಗನಿಗೆ ತಿಳಿಯುತ್ತಿತ್ತು. ಮರುಕದಿಂದ ಸಿಗದ ಧೈರ್ಯ ಅವನಿಗೆ ಇಲ್ಲಿ ಸಿಗುತ್ತಿತ್ತು.

ಬಾರ್ಬಿಯಾನದ ಇಬ್ಬರು ಹುಡುಗರು ಉಪಾಧ್ಯಾಯರ ತರಬೇತಿ ಶಾಲೆಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದಾಗ, ಎಂಟು ಮಂದಿ ಬಾಲಕರು ಇದೇ ಕ್ರಮದಿಂದ ಒಂದು ಪುಸ್ತಕವನ್ನೇ ಬರೆದರು. "ಉಪಾಧ್ಯಾಯಿನಿಗೊಂದು ಪತ್ರ" ಎಂಬ ಅರ್ಥದ ಹೆಸರಿನ ಆ ಪುಸ್ತಕ 1967ರ ಮೇ ತಿಂಗಳಲ್ಲಿ ಹೊರಬಂತು. ಹದಿನಾಲ್ಕು ವರ್ಷದವರೆಗೆ ಎಲ್ಲರಿಗೂ ಒಂದೇ ಬಗೆಯ ಶಾಲೆಯೆಂದು 1962ರಲ್ಲಿ ಇಟಲಿಯಲ್ಲಿ ಕಾನೂನಾಗಿತ್ತು. ಆದರೂ ಶಾಲೆ ಕೈಬಿಡುತ್ತಿದ್ದುದು ರೈತರ ಮತ್ತು ಕೂಲಿಕಾರರ ಮಕ್ಕಳನ್ನೇ ಎಂಬುದನ್ನು ಹುಡುಗರು ಅಂಕಿಅಂಶಗಳನ್ನು ಕಲೆಹಾಕಿ ತೋರಿಸಿಕೊಟ್ಟರು. ದೇಶದಲ್ಲೆಲ್ಲ ಚರ್ಚೆಯೆದ್ದಿತು. ಮುಂದೆ ಆ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಯಿತು. ಬಾಯಿಲ್ಲದವರೆನಿಸಿದ್ದ ಮಕ್ಕಳ ಮಾತಿಗೆ ಪಂಡಿತರು ಉತ್ತರ ಹುಡುಕಬೇಕಾಯಿತು.

1960ರಿಂದಲೇ ಮಿಲಾನಿಯವರನ್ನು ಕ್ಯಾನ್ಸರ್ ಕಾಡುತ್ತಿತ್ತು. ಪುಸ್ತಕ ಪ್ರಕಟವಾದ ಮರುತಿಂಗಳು, ಜೂನ್ 26ರಂದು, 44ರ ಹರೆಯದಲ್ಲಿ ಅವರು ತೀರಿಕೊಂಡರು. ತಾವು ಕೊಂಡಿದ್ದ ಜಾಗದಲ್ಲೇ ಅವರ ದೇಹವನ್ನು ಮಣ್ಣು ಮಾಡಲಾಯಿತು. ಅವರ ನಿವಾಸದಲ್ಲೇ ಬೆಳೆದ ಮಿಕೇಲೆ ಜೆಸುಆಲ್ದಿ ಎಂಬ ಶಿಷ್ಯರು ಮುಂದೆ 1995ರಿಂದ 2004ರವರೆಗೆ ಫ್ಲಾರೆನ್ಸ್ ಪ್ರಾಂತ್ಯದ ಅಧ್ಯಕ್ಷರಾಗಿದ್ದರು. 2017ರ ಜೂನ್ 20ರಂದು, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಬಾರ್ಬಿಯಾನದ ಬೆಟ್ಟವನ್ನೇರಿ ಆ ಸಮಾಧಿಯ ಮುಂದೆ ಮೌನವಾಗಿ ಪ್ರಾರ್ಥಿಸಿದರು.

ಆ ಶಾಲೆಯಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಗುರುಗಳ ಶಿಸ್ತು ಬಹಳ ಕಠಿಣವಾಗಿತ್ತು. ಹೆಣ್ಣುಮಕ್ಕಳು ಅಲ್ಲಿಗೆ ಬಂದದ್ದು ತೀರ ವಿರಳ. ಹೆಣ್ಣಿಗೆ ಓದೇಕೆಂಬ ಭಾವನೆ ಆ ಮನೆಗಳಲ್ಲೂ ಇತ್ತು. ಕಾಲವೂ ದೇಶವೂ ಬೇರೆಯಾದ್ದರಿಂದ ಆ ಶಾಲೆಯನ್ನು ಹಾಗೆಯೇ ಇಲ್ಲಿ ತಂದು ನಿಲ್ಲಿಸಲಾಗದು. ಆದರೆ ಅದರ ತಿರುಳನ್ನು ನಾವು ಸ್ವೀಕರಿಸಬಹುದು.

ನಮ್ಮ ಕೈಯಲ್ಲಿರುವುದು

ನಮ್ಮಲ್ಲಿ 2010ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಕಾನೂನಿನ ಹಕ್ಕಾಗಿದೆ. ಧರ್ಮಕೇಂದ್ರಗಳಲ್ಲಿ ಸಹಾಯನಿಧಿಗಳಿವೆ, ದಾನಿಗಳಿದ್ದಾರೆ. ಇವೆಲ್ಲ ಬೇಕು. ಆದರೆ ಶುಲ್ಕ ಕಟ್ಟಿದೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದರೆ ಮಗುವನ್ನು ಶಾಲೆಯ ಬಾಗಿಲಿನವರೆಗೆ ಕರೆದೊಯ್ದು ಕೈಬಿಟ್ಟಂತೆ. ಮನೆಯಲ್ಲಿ ಓದುಬರಹ ಬಲ್ಲವರಿಲ್ಲದ ಮಗುವಿಗೆ ಹಣದಷ್ಟೇ ಬೇಕಾದದ್ದು, ತಾನು ಹೇಳುವುದನ್ನು ಕುಳಿತು ಕೇಳುವ ಒಬ್ಬ ಹಿರಿಯರು.

ವಾಳೆಯ ಒಂದು ಮನೆಯ ಜಗಲಿ, ವಾರದಲ್ಲಿ ಎರಡು ಸಂಜೆ, ನಿವೃತ್ತ ಶಿಕ್ಷಕಿಯೊಬ್ಬರು, ನಾಲ್ಕಾರು ಮಕ್ಕಳು: ಇಷ್ಟಿದ್ದರೆ ಆರಂಭಕ್ಕೆ ಸಾಕು. ಪತ್ರಿಕೆಯ ಒಂದು ಸುದ್ದಿಯನ್ನು ಓದಿಸೋಣ. ಒಂದೊಂದು ಚೀಟಿ ಕೊಟ್ಟು, ಇಂದು ಕಂಡದ್ದನ್ನು ತನ್ನ ಮಾತಿನಲ್ಲಿ, ಮನೆಯಲ್ಲಾಡುವ ಭಾಷೆಯಲ್ಲೇ ಆದರೂ ಸರಿ, ಬರೆಯಲು ಹೇಳೋಣ. ಬರೆಯಲಾರದವನು ಚಿತ್ರ ಬಿಡಿಸಲಿ. ಕಾಗುಣಿತದ ತಪ್ಪನ್ನು ಆಮೇಲೆ ತಿದ್ದಬಹುದು. ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ಅಲ್ಲಿ ಚಿಕ್ಕವರಿಗೆ ಕಲಿಸಲಿ. ಕಲಿಸುವವರೇ ಹೆಚ್ಚು ಕಲಿಯುತ್ತಾರೆ. ಮಗು ತನ್ನ ಮನೆಯ ನೋವನ್ನು ಬರೆದರೆ ಅದು ಊರಿನ ಮಾತಾಗದಂತೆ ಕಾಯ್ದುಕೊಳ್ಳುವ ಹೊಣೆ ಮಾತ್ರ ಹಿರಿಯರದು.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನೂ ತೊದಲನೂ ಆದ ಒಬ್ಬನನ್ನು ಯೇಸುವಿನ ಬಳಿಗೆ ಕರೆತರುತ್ತಾರೆ. ಪ್ರಭು ಅವನನ್ನು ಜನರ ಗುಂಪಿನಿಂದ ಬೇರೆಯಾಗಿ ಕರೆದೊಯ್ದು, ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿ, ಆಮೇಲೆ "ಎಫ್ಫಥಾ" ಎನ್ನುತ್ತಾರೆ. ತೆರೆಯಲಿ ಎಂದು ಅದರ ಅರ್ಥ. ಮೊದಲು ಕಿವಿ ತೆರೆಯಿತು, ನಂತರ ನಾಲಿಗೆ ಸಡಿಲವಾಯಿತು. ಗುಂಪಿನಲ್ಲಿ ಆಗದ ಕಾರ್ಯ ಒಬ್ಬನಿಗಾಗಿ ಬಿಡುವು ಮಾಡಿಕೊಂಡಾಗ ಆಯಿತು.

ಮುಂದಿನ ಜೂನ್ ತಿಂಗಳಲ್ಲಿ ಕಚೇರಿಯ ಮುಂದೆ ತಾಯಿಯ ಹಿಂದೆ ನಿಂತ ಮಗುವನ್ನು ಕಂಡಾಗ, ಅದನ್ನು ಪಕ್ಕಕ್ಕೆ ಕರೆದು ಕುಳ್ಳಿರಿಸಿ ಮಾತನಾಡಿಸೋಣ. ಉತ್ತರ ತಡವಾಗಿ ಬಂದೀತು. ಅದು ಬರುವವರೆಗೆ ಎದ್ದು ಹೋಗದೆ ಕಾಯೋಣ.